ಗೋಡೆಯ ಮೇಲಿನ ಚೌಡಣ್ಣ

ಕಾಗೆ ಬಂದು ಕೂತದ್ದು ಕಲ್ಯಾಣದುರ್ಗದಲ್ಲಿ, ಚೌಡಣ್ಣನ ತಲೆಯ ಮೇಲೆ. ಅದರ ಪಾಡು ಪಟ್ಟವನು ಮಾತ್ರ ಹಿಂದೂಪುರದಲ್ಲಿದ್ದ ಅವನ ಅಳಿಯ ಸುರೇಂದ್ರ.

ಚೌಡಣ್ಣ ಆರ್‌ಟಿಸಿಯಲ್ಲಿ ಕಂಡಕ್ಟರಾಗಿ ರಿಟೈರಾದ ಮನುಷ್ಯ. ಆ ಭಾನುವಾರ ಬೆಳಿಗ್ಗೆ ಮನೆ ಮುಂದಿನ ಕಲ್ಲುಚಪ್ಪಡಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದಾಗ ಕಾಗೆಯೊಂದು ನೆಟ್ಟಗೆ ಬಂದು ಅವನ ಬೋಳುತಲೆಯ ಮೇಲೆ ಇಳಿದು, ಅತ್ತಿತ್ತ ನೋಡಿ ಹಾರಿಹೋಯಿತು. ಅಂಗಳ ಗುಡಿಸುತ್ತಿದ್ದ ಹೆಂಡತಿ ಬೀರಕ್ಕನ ಕೈಯಿಂದ ಪೊರಕೆ ಜಾರಿತು. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ ಅಂತ ಆ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಪರಿಹಾರವನ್ನೂ ಹೇಳಿಕೊಡಬೇಕಿಲ್ಲ. ಆ ಮನುಷ್ಯ ಸತ್ತುಹೋದ ಅಂತ ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಬಾಯಿ ಬಡಿದುಕೊಂಡು ಅಳಬೇಕು. ಅತ್ತ ಮೇಲೆ, ಹೊತ್ತು ಮುಳುಗುವುದರೊಳಗೆ, ಬದುಕಿದ್ದಾನೆ, ಕಾಗೆ ಮುಟ್ಟಿತ್ತು ಅಷ್ಟೆ ಅಂತ ಹೇಳಿ ಆ ಸುಳ್ಳನ್ನು ಬಿಡಿಸಬೇಕು. ಅತ್ತವರು ತಲೆಗೆ ನೀರು ಹುಯ್ದುಕೊಂಡು ಬಾಯಿಗೆ ಬೆಲ್ಲ ಹಾಕಿಕೊಂಡರೆ ಬಂದ ಗಂಡಾಂತರ ಕಣ್ಣೀರಿನ ಜೊತೆಯಲ್ಲೇ ಹೋಯಿತು ಅಂತ ನಂಬಿಕೆ. ಸುದ್ದಿ ಕೇಳಿದವರಲ್ಲಿ ಒಬ್ಬರಿಗಾದರೂ ಬಿಡಿಸುವುದು ಮರೆತರೆ ಗಂಡಾಂತರ ಅಲ್ಲೇ ಕೂತಿರುತ್ತದಂತೆ.

ಬೀರಕ್ಕನ ಮಗ ಈಶ್ವರ್ ಹಿಂದೂಪುರಕ್ಕೆ ಫೋನ್ ಹಚ್ಚಿದ. ಆ ಮನೆಯಲ್ಲಿ ಚೌಡಣ್ಣನಿಗಾಗಿ ಅಳುವವರಿಗೆ ಕೊರತೆಯಿರಲಿಲ್ಲ. ಸುರೇಂದ್ರನ ತಾಯಿ ಪಾಪಕ್ಕ ಚೌಡಣ್ಣನ ಒಡಹುಟ್ಟಿದ ಅಕ್ಕ. ಸುರೇಂದ್ರನ ಹೆಂಡತಿ ವಾಣಿಶ್ರೀ ಚೌಡಣ್ಣನ ಮಗಳು. ಸೋದರಮಾವನ ಮಗಳನ್ನೇ ತಂದುಕೊಂಡ ಮನೆ ಅದು, ಹಾಗಾಗಿ ಒಂದು ಫೋನಿಗೆ ಅತ್ತೆಯೂ ಸೊಸೆಯೂ ಒಟ್ಟಿಗೆ ಕುಸಿದು ಕೂತರು. ಪಾಪಕ್ಕ ಅಳುತ್ತಲೇ ನೆಂಟರಾದ ಪರಿಗಿಯ ಗಂಗುಲಪ್ಪನಿಗೂ ಬ್ರಹ್ಮಸಮುದ್ರದ ಲಕ್ಷ್ಮೀದೇವಿಗೂ ಸುದ್ದಿ ಮುಟ್ಟಿಸಿದಳು. ಡಿಗ್ರಿ ಓದುತ್ತಿದ್ದ ಮೊಮ್ಮಗಳು ಹರ್ಷಿತಾ ಅಪ್ಪನಿಗೆ ಫೋನ್ ಮಾಡಿದಳು.

ಸುರೇಂದ್ರ ಆಗ ಹಳೇ ಹೈಸ್ಕೂಲಿನ ಮೀಟಿಂಗಿನಲ್ಲಿದ್ದ. ನೂರು ವರ್ಷ ದಾಟಿದ ಕಲ್ಲುಕಟ್ಟಡದ ಶಾಲೆ. ಹಳೇ ವಿದ್ಯಾರ್ಥಿಗಳು ಕಮಿಟಿ ಮಾಡಿಕೊಂಡು, ಅಲ್ಲಿ ಓದಿ ಹೆಸರು ಮಾಡಿದವರ ಫೋಟೋಗಳನ್ನು ಪ್ರಾರ್ಥನೆ ಹಾಲಿನ ಗೋಡೆಗೆ ಹಾಕಿ ದೊಡ್ಡ ಫಂಕ್ಷನ್ ಮಾಡುವುದೆಂದು ನಿಶ್ಚಯಿಸಿದ್ದರು. ಸುರೇಂದ್ರ ಜಂಟಿ ಕಾರ್ಯದರ್ಶಿ. ಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿಯವನನ್ನು ಯಾಕೆ ಕಾರ್ಯದರ್ಶಿ ಮಾಡಿದರೆಂಬುದು ಅವನಿಗೇನು ತಿಳಿಯದ ವಿಷಯವಲ್ಲ, ಫ್ರೇಮುಗಳು ಬೇಕಾಗಿದ್ದವಲ್ಲ. ಆದರೂ ಎಂಜಿನಿಯರು, ಡಾಕ್ಟರುಗಳು ಕೂತ ಮೇಜಿನ ಸುತ್ತ ತನಗೂ ಒಂದು ಕುರ್ಚಿ ಸಿಕ್ಕಿತಲ್ಲ ಅಂತ ಅವನಿಗೆ ಒಳಗೊಳಗೇ ಹಿಗ್ಗು. ಆ ಶಾಲೆಯಿಂದ ಅವನು ಹತ್ತನೇ ಕ್ಲಾಸು ಫೇಲಾಗಿ ಹೊರಬಿದ್ದವನು. ಊರವರ ಅಜ್ಜ ಮುತ್ತಜ್ಜಂದಿರನ್ನೆಲ್ಲ ಗಾಜಿನ ಹಿಂದೆ ಕೂರಿಸಿ ಕೂರಿಸಿ, ತನ್ನ ಮನೆಯವರೊಬ್ಬರು ಆ ಗೋಡೆಯ ಮೇಲೆ ಕೂರಲಿ ಅಂತ ಆಸೆ ಹುಟ್ಟಿದ್ದರೆ ತಪ್ಪೆನ್ನುವ ಹಾಗಿಲ್ಲ.

ಅದಕ್ಕೆ ತಕ್ಕ ಮನುಷ್ಯನೂ ಇದ್ದ. ಚೌಡಣ್ಣ ಅಕ್ಕನ ಮನೆಯಲ್ಲಿದ್ದುಕೊಂಡು ಅದೇ ಶಾಲೆಯಲ್ಲಿ ಓದಿದವನು, ಅದೇ ಶಾಲೆಯ ಕೋರ್ಟಿನಲ್ಲಿ ವಾಲಿಬಾಲ್ ಕಲಿತು ಆಂಧ್ರ ಟೀಮಿನಲ್ಲಿ ಲಿಫ್ಟರಾಗಿ ಆಡಿದವನು. ಬೇರೆಯವರು ಸ್ಮ್ಯಾಶ್ ಹೊಡೆಯಲೆಂದು ಬಾಲನ್ನು ಬಲೆಯ ಮೇಲಕ್ಕೆ ಎತ್ತಿಕೊಡುವವನು. ಕಂಡಕ್ಟರ್ ಕೆಲಸ ಸಿಕ್ಕಿದ್ದೂ ಆ ಆಟದಿಂದಲೇ. ಸುರೇಂದ್ರ ಮಾವನ ಹೆಸರನ್ನು ಮೀಟಿಂಗಿನಿಂದ ಮೀಟಿಂಗಿಗೆ ಎತ್ತುತ್ತಲೇ ಇದ್ದ. ಅಧ್ಯಕ್ಷ ಮುರಳಿಕೃಷ್ಣ ದೊಡ್ಡ ಎಂಜಿನಿಯರಾಗಿ ರಿಟೈರಾದವರು, ಮೃದುವಾಗಿಯೇ ತಳ್ಳಿಹಾಕುತ್ತಿದ್ದರು. ಗೋಡೆಗೆ ಬರಲಿದ್ದ ಜಡ್ಜಿ ಸಾಹೇಬರ ಫೋಟೋ ಪಕ್ಕದಲ್ಲಿ ಕಂಡಕ್ಟರನ್ನು ಕೂರಿಸಿದರೆ ಜಡ್ಜಿಯವರಿಗೆ ಮುಜುಗರ, ಕಂಡಕ್ಟರಿಗೂ ಮುಜುಗರ, ಯಾಕೆ ಬೇಕು ಅನ್ನುವುದು ಅವರ ವಾದ. ಆ ಭಾನುವಾರವೂ ಅದೇ ಮಾತು ನಡೆದಿತ್ತು. ಆಗಲೇ ಹರ್ಷಿತಾಳ ಫೋನ್ ಬಂತು.

ಫೋನಿನಲ್ಲಿ ಮಗಳ ಮಾತಿಗಿಂತ ಹಿಂದೆ ಹೆಂಡತಿ, ತಾಯಿ ಅಳುವ ಸದ್ದೇ ಜೋರಾಗಿ ಕೇಳಿತು. ಸುರೇಂದ್ರ ಎದ್ದುನಿಂತು, "ನಮ್ಮ ಮಾವ ಹೋಗ್ಬಿಟ್ರಂತೆ ಸಾರ್" ಅಂದ. ಎಲ್ಲರೂ ಕುರ್ಚಿ ಸರಿಸಿ ಎದ್ದರು. ತಲೆ ಬಗ್ಗಿಸಿ ಮೌನವಾಗಿ ನಿಂತರು. ಆಮೇಲೆ ಮುರಳಿಕೃಷ್ಣನವರೇ ಅವನ ಹೆಗಲು ಹಿಡಿದು, "ಪೋಯಿನವಾಳ್ಳನಿ ಗೌರವಿಂಚಾಲಿ ಸುರೇಂದ್ರಾ" ಅಂದರು. ಹೋದವರಿಗೆ ಗೌರವ ಕೊಡಬೇಕಾದದ್ದೇ ಅಂತ ಎಲ್ಲರೂ ತಲೆದೂಗಿದರು. ಬದುಕಿದ್ದಾಗ ಜಾಗವಿಲ್ಲದ ಗೋಡೆಯಲ್ಲಿ ಚೌಡಣ್ಣನಿಗೆ ಆ ನಿಂತ ನಿಲುವಿನಲ್ಲೇ ಜಾಗವಾಯಿತು.

ಸುರೇಂದ್ರ ಸ್ಕೂಟರ್ ಹತ್ತಿ ಕಣ್ಣು ಒರೆಸಿಕೊಳ್ಳುತ್ತ ಮನೆಗೆ ಬಂದರೆ, ಅತ್ತೆ ಸೊಸೆ ಇಬ್ಬರೂ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬೆಲ್ಲ ಚೀಪುತ್ತ ನಗುತ್ತಿದ್ದರು. ಅಷ್ಟರಲ್ಲಿ ಈಶ್ವರ್ ಮತ್ತೆ ಫೋನ್ ಮಾಡಿ ಬಿಡಿಸಿಯಾಗಿತ್ತು. ಕಾಗೆ ಕೂತದ್ದನ್ನು ವಾಣಿಶ್ರೀ ನಟಿಸಿ ತೋರಿಸಿದಳು. ಸುರೇಂದ್ರ ಬಾಗಿಲಲ್ಲೇ ಕೂತ.

"ನೀನು ಯಾರ್ಗಾದ್ರೂ ಹೇಳಿದ್ಯೇನ್ಲಾ?" ಅಂತ ಪಾಪಕ್ಕ ಕೇಳಿದಳು. "ಹೇಳಿದ್ರೆ ಈವಾಗ್ಲೇ ಫೋನ್ ಮಾಡಿ ಬಿಡಿಸ್ಬುಡು. ಹೊತ್ತು ಮುಳುಗ್ಬಾರ್ದು."

"ಇಲ್ಲ ಕಣಮ್ಮ. ಯಾರ್ಗೂ ಹೇಳ್ಲಿಲ್ಲ."

ಯಾಕೆ ಹಾಗಂದನೋ ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಊಟ ಮುಗಿಸಿ ಮುರಳಿಕೃಷ್ಣನವರಿಗೆ ಸಮಾಧಾನವಾಗಿ ಹೇಳಿದರಾಯಿತು ಅಂತಷ್ಟೇ ಇತ್ತು ಮನಸ್ಸಿನಲ್ಲಿ. ತಾಯಿ ಅವನ ಬಾಯಿಗೂ ಒಂದು ಚೂರು ಬೆಲ್ಲ ಹಾಕಿದಳು. ಅದನ್ನು ಚೀಪುತ್ತಲೇ ಮೊಬೈಲ್ ತೆಗೆದು ನೋಡಿದರೆ ಕಮಿಟಿಯ ವಾಟ್ಸಾಪ್ ಗುಂಪಿನಲ್ಲಿ ಮುರಳಿಕೃಷ್ಣ ಸಂತಾಪ ಬರೆದಿದ್ದರು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಹೈದರಾಬಾದಿನ ಡಾಕ್ಟರೊಬ್ಬರು, ನಮ್ಮ ಶಾಲೆಯ ರತ್ನ ಹೋಯಿತು ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು. ಇಷ್ಟು ವರ್ಷ ಮಾವನನ್ನು ಯಾರೂ ರತ್ನವೆಂದಿರಲಿಲ್ಲ. ಈಗ ಬದುಕಿದ್ದಾರೆ ಅಂದರೆ ನಾಳೆ ಮತ್ತೆ ಕಂಡಕ್ಟರೇ. ಸುರೇಂದ್ರ ಮೊಬೈಲನ್ನು ಜೇಬಿಗೆ ಹಾಕಿ ಮುದ್ದೆ ಮುರಿದ. ಹೊತ್ತು ತನ್ನ ಪಾಡಿಗೆ ತಾನು ಮುಳುಗಿತು.

ಒಂದು ದಿನ ಬಿಟ್ಟ ಮಾತು ಎರಡನೇ ದಿನಕ್ಕೆ ಬಾಯಿಗೆ ಬರುವುದಿಲ್ಲ. ಕಮಿಟಿಯ ಕೇಶವ ಅಂಗಡಿಗೇ ಬಂದು ಸಂತಾಪ ಹೇಳಿದ, ಕಾರ್ಯಕ್ಕೆ ನಾವೂ ಕಲ್ಯಾಣದುರ್ಗಕ್ಕೆ ಬರೋಣವೇ ಅಂದ. ಎಲ್ಲ ಸಂಕ್ಷೇಪವಾಗಿ ಮಾಡಿ ಮುಗಿಸುತ್ತಾರೆ, ಬೇಡಿ ಅಂತ ಸುರೇಂದ್ರ ತಪ್ಪಿಸಿದ. ಹೀಗೆ ಒಂದು ಸುಳ್ಳಿಗೆ ಇನ್ನೊಂದನ್ನು ಒತ್ತುಕೊಟ್ಟು ನಿಲ್ಲಿಸುವುದೇ ಅವನ ಕೆಲಸವಾಯಿತು. ವಾಣಿಶ್ರೀಗೂ ಪಾಪಕ್ಕನಿಗೂ ಮಾತ್ರ, ಕಮಿಟಿಯವರು ಕೊನೆಗೂ ಒಪ್ಪಿದರು, ಮಾವನ ಫೋಟೋ ಗೋಡೆಗೆ ಬರುತ್ತದೆ ಅಂತಷ್ಟೇ ಹೇಳಿದ. ವಾಣಿಶ್ರೀ ಆ ದಿನ ಒಬ್ಬಟ್ಟು ಮಾಡಿದಳು. ಕಲ್ಯಾಣದುರ್ಗಕ್ಕೆ ಫೋನ್ ಮಾಡಿ ಅಪ್ಪನಿಗೆ ತಾನೇ ಸುದ್ದಿ ಹೇಳಿದಳು. ಸ್ಪೀಕರಿನಲ್ಲಿ ಚೌಡಣ್ಣನ ಧ್ವನಿ ಬಂತು. "ನನ್ ಫೋಟೋನಾ? ಆ ಸ್ಕೂಲಾಗಾ?" ಅಂತ ಎರಡು ಸಲ ಕೇಳಿ, ಫೋನನ್ನು ಬೀರಕ್ಕನ ಕೈಗೆ ಕೊಟ್ಟುಬಿಟ್ಟ.

ಮಾರನೆಯ ವಾರ ಚೌಡಣ್ಣನಿಗೆ ಜ್ವರ ಬಂತು. ಮೊದಲು ನೆಗಡಿ ಅಂದರು, ಆಮೇಲೆ ಎದೆಯಲ್ಲಿ ಕಫ ಕಟ್ಟಿದೆ ಅಂದರು. ವಾಣಿಶ್ರೀ ಬಟ್ಟೆ ತುಂಬಿಕೊಂಡು ಪಾವಗಡದ ಮೇಲೆ ಬಸ್ಸು ಹಿಡಿದು ತೌರಿಗೆ ಹೋದಳು. ಅದೇ ದಿನ ಸುರೇಂದ್ರನ ಅಂಗಡಿಗೆ ಹಳೇ ಟೀಮ್ ಫೋಟೋದಿಂದ ದೊಡ್ಡದು ಮಾಡಿಸಿದ ಚೌಡಣ್ಣ ಬಂದ. ಇಪ್ಪತ್ತರ ಹರೆಯ, ತಲೆ ತುಂಬ ಗುಂಗುರು ಕೂದಲು, ಬನಿಯನ್ನಿನ ಮೇಲೆ ನಂಬರು. ಸುರೇಂದ್ರ ಅಂಚಿನ ಕಟ್ಟಿಗೆ ಕುಯ್ದು, ಗಾಜು ಒರೆಸಿ, ಚೌಕಟ್ಟು ಕೂಡಿಸಿದ. ಹೆಸರಿನ ತಗಡಿನಲ್ಲಿ ಹುಟ್ಟಿದ ಇಸವಿ ಹಾಕಿ, ಪಕ್ಕದ ಜಾಗ ಹಾಗೇ ಬಿಟ್ಟ. ಫ್ರೇಮುಗಳನ್ನು ನೋಡಲು ಬಂದ ಮುರಳಿಕೃಷ್ಣ ಕನ್ನಡಕ ಏರಿಸಿ, ದುಃಖದಲ್ಲಿ ಮರೆತಿದ್ದೀರಿ, ಪರವಾಗಿಲ್ಲ, ಈ ವರ್ಷದ ಇಸವಿ ಸೇರಿಸಿಬಿಡಿ ಅಂದರು. ಅವರು ನಿಂತಿರುವಾಗಲೇ ಸುರೇಂದ್ರ ಸೇರಿಸಿದ. ಎಷ್ಟೋ ಜನರ ಸಾವಿನ ಇಸವಿ ಬರೆದ ಕೈ ಅದು. ತಪ್ಪು ಮಾಡುತ್ತಿದ್ದೇನೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ವಾಣಿಶ್ರೀ ಇಲ್ಲದೆ ಅಡುಗೆ ಪಾಪಕ್ಕನ ಪಾಲಿಗೆ ಬಂತು. ಮೊಣಕಾಲು ಹಿಡಿದುಕೊಂಡೇ ಮುದ್ದೆ ತೊಳಸಿ, ಹುರುಳಿ ಸಾರು ಬಿಟ್ಟು ಮಗನ ಮುಂದಿಡುತ್ತಿದ್ದಳು. ಅವನು ಊಟಕ್ಕೆ ಕೂತಾಗಲೇ ಅವಳು ಫೋನ್ ಹಿಡಿದು ಕೂರುವುದು. ತಮ್ಮನ ಜ್ವರ ಬಿಡುತ್ತಿಲ್ಲವೆಂದರೆ ಸುಳ್ಳು ಎಲ್ಲೋ ಬಿಡಿಸದೆ ಉಳಿದಿದೆ ಅನ್ನುವುದು ಅವಳ ಗುಮಾನಿ. ಪರಿಗಿಯ ಗಂಗುಲಪ್ಪನಿಗೆ ಫೋನ್ ಮಾಡಿ, ನಿನಗೆ ಬಿಡಿಸಿದ್ದೆನಲ್ಲ, ನೀನು ಮತ್ತೆ ಯಾರಿಗಾದರೂ ಹೇಳಿದ್ದೆಯಾ ಅಂತ ವಿಚಾರಿಸಿದಳು. ಬ್ರಹ್ಮಸಮುದ್ರದ ಲಕ್ಷ್ಮೀದೇವಿಯನ್ನು, ನೀನು ಬೆಲ್ಲ ತಿಂದೆಯೋ ಇಲ್ಲವೋ ಆಣೆ ಮಾಡಿ ಹೇಳು ಅಂತ ಗಂಟು ಬಿದ್ದಳು. ಆ ಹೆಂಗಸು ಬೆಲ್ಲ ಇರಲಿಲ್ಲವೆಂದು ಸಕ್ಕರೆ ತಿಂದಿದ್ದಳಂತೆ. ಪಾಪಕ್ಕ ಅವಳಿಗೆ ಸರಿಯಾಗಿ ಬೈದು, ಫೋನಿನಲ್ಲೇ ಹೇಳಿ ಮತ್ತೆ ತಲೆಗೆ ನೀರು ಹುಯ್ಯಿಸಿ ಬೆಲ್ಲ ತಿನ್ನಿಸಿದಳು.

"ನಮ್ಮ ಚೌಡನ್ನ ಯಾರೋ ಇನ್ನೂ ಸತ್ತೋನು ಅಂದ್ಕಂಡವ್ರೆ ಕಣ್ಲಾ" ಅಂದಳು ಮಗನಿಗೆ. "ಅವ್ರು ಯಾರು ಅಂತ ಗೊತ್ತಾದ್ರೆ ನಾನೇ ಹೋಗಿ ಕಾಲಿಡ್ಕಂಡು ಹೇಳ್ತೀನಿ, ಬದುಕವ್ನೆ ಕಣ್ರಪ್ಪಾ ಅಂತ."

ಸುರೇಂದ್ರನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವನು ಕಾಗೆಯನ್ನು ನಂಬುವವನಲ್ಲ. ಅಂಗಡಿಯಲ್ಲಿ ಕೂತು ಇಂಥದ್ದನ್ನೆಲ್ಲ ತಮಾಷೆ ಮಾಡಿದವನೇ. ಆದರೆ ಕಲ್ಯಾಣದುರ್ಗದಿಂದ ಫೋನ್ ಬಂದಾಗಲೆಲ್ಲ ಅವನಿಗೆ ಎತ್ತಲು ಕೈ ಬರುತ್ತಿರಲಿಲ್ಲ. ಮಾವ ನಿಜವಾಗಿ ಹೋಗಿಬಿಟ್ಟರೆ ತಗಡಿನ ಮೇಲಿನ ಇಸವಿ ತಿದ್ದುವ ಕೆಲಸವಿರುವುದಿಲ್ಲ ಅಂತ ಒಂದು ಯೋಚನೆ ಹಾದುಹೋದದ್ದೇ ತಡ, ಎದ್ದು ಹೋಗಿ ಹಿತ್ತಿಲಲ್ಲಿ ಬಾಯಿ ಮುಕ್ಕಳಿಸಿದ. ಇಂಥ ಯೋಚನೆ ಬರುವ ಮಟ್ಟಕ್ಕೆ ಬಂದೆನೇ ಅಂತ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹರ್ಷಿತಾ ಕಾಲೇಜಿನಿಂದ ಮನೆಗೆ ಬಂದು ಅಂಗಡಿಗೆ ಊಟದ ಕ್ಯಾರಿಯರ್ ತಂದುಕೊಟ್ಟು ಹೋಗುವುದಿತ್ತು. ಒಂದು ಮಧ್ಯಾಹ್ನ ಸುರೇಂದ್ರ ಕೈ ತೊಳೆದು ಬರುವಷ್ಟರಲ್ಲಿ ಅವಳು ಗೋಡೆಗೆ ಒರಗಿಸಿಟ್ಟಿದ್ದ ಫ್ರೇಮುಗಳ ಮೇಲಿನ ಪೇಪರ್ ಸರಿಸಿ ನೋಡುತ್ತಿದ್ದಳು. ಗಂಧದ ಚಕ್ಕೆಯ ಹಾರ ಹಾಕಿದ ತಾತ ಅವಳ ಮುಂದಿದ್ದ.

"ಇದೇನಪ್ಪಾ ಇದು?"

ಅವನು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ, ಇದರಲ್ಲಿ ತನ್ನದೇನೂ ದೊಡ್ಡ ತಪ್ಪಿಲ್ಲವೆನ್ನುವ ಹಾಗೆ ಮಾತು ತಿರುಗುತ್ತಿತ್ತು. ಕಮಿಟಿಯವರ ಅವಸರ, ವಾಟ್ಸಾಪಿನ ಅವಸರ, ತಾತನಿಗೆ ಸಿಕ್ಕ ಮರ್ಯಾದೆ. ಹರ್ಷಿತಾ ಪೂರ್ತಿ ಕೇಳಿದಳು.

"ಅಜ್ಜಿ ಊರೋರ್ಗೆಲ್ಲ ಫೋನ್ ಮಾಡಿ ಕೇಳ್ತಿದ್ರೆ ನೀನು ಪಕ್ಕದಾಗೇ ಕೂತ್ಕಂಡು ಉಣ್ತಿದ್ದೆ" ಅಂದಳು. "ಅಜ್ಜಿ ಹುಡುಕ್ತಿರೋದು ನಿನ್ನೇ ಅಂತ ಗೊತ್ತಿದ್ದೂ."

ಅಮ್ಮನಿಗೆ ಹೇಳಬೇಡ, ನಾನೇ ಕಲ್ಯಾಣದುರ್ಗಕ್ಕೆ ಹೋಗಿ ತಾತನಿಗೇ ಹೇಳುತ್ತೇನೆ ಅಂತ ಸುರೇಂದ್ರ ಬೇಡಿಕೊಂಡ. ಅವಳು ಕ್ಯಾರಿಯರ್ ಇಟ್ಟು ಹೋದಳು. ಅವತ್ತಿನಿಂದ ಮನೆಯಲ್ಲಿ ಅವನ ಜೊತೆ ಮಾತು ಕಡಿಮೆ ಮಾಡಿದಳು. ಉಪ್ಪು ಬೇಕಾದರೂ ಅಜ್ಜಿಯನ್ನು ಕೇಳುತ್ತಿದ್ದಳು.

ಜ್ವರ ಇಳಿಯಿತೆಂದು ಸುದ್ದಿ ಬಂದ ಮೇಲೆ ಹೆಂಡತಿಯನ್ನು ಕರೆತರುವ ನೆಪದಲ್ಲಿ ಸುರೇಂದ್ರ ಹೊರಟ. ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡ. ಮಾವ, ಒಂದು ತಪ್ಪಾಗಿದೆ ಅಂತ ಶುರು ಮಾಡುವುದು, ಆಮೇಲೆ ಕಾಲು ಹಿಡಿಯುವುದು. ಮನೆ ಹೊಕ್ಕರೆ ಚೌಡಣ್ಣ ಮಂಚದ ಮೇಲೆ ಕೂತಿದ್ದ, ಇಳಿದುಹೋಗಿದ್ದ, ಆದರೆ ಮುಖದಲ್ಲಿ ನಗು ಇತ್ತು. ಬೀರಕ್ಕ ಮಂಡಕ್ಕಿ ನೆನೆಸಿ ಉಗ್ಗಾನಿ ಮಾಡಿ, ಕಡ್ಲೆಕಾಯಿ ಚಟ್ನಿ ಹಾಕಿ ತಟ್ಟೆ ಕೈಗಿತ್ತಳು. ಊರು, ಬಿಸಿಲು, ಬಸ್ಸಿನ ರಷ್ಷು ಎಲ್ಲ ಮಾತಾದ ಮೇಲೆ ಚೌಡಣ್ಣ ಕಾಗೆಯ ಪ್ರಸ್ತಾಪ ತೆಗೆದ. ಅಕ್ಕ ಬಹಳ ಅತ್ತಳಂತೆ, ಮಗಳು ಕುಸಿದೇಬಿಟ್ಟಳಂತೆ ಅಂತ ಹೆಮ್ಮೆಯಿಂದ ಹೇಳಿಕೊಂಡು, ಅಳಿಯನ ಕಡೆ ತಿರುಗಿದ.

"ನೀನೂ ಅತ್ತೇನಪ್ಪಾ?"

"ಹೂಂ ಮಾವ, ನಾನೂ ಅತ್ತೆ" ಅಂದ ಸುರೇಂದ್ರ. ಸ್ಕೂಟರಿನ ಮೇಲೆ ಕಣ್ಣು ಒರೆಸಿಕೊಂಡದ್ದು ನಿಜವೇ. ಅದಾದ ಮೇಲೆ ಮಾಡಿದ್ದನ್ನು ಹೇಳದೆ ತಟ್ಟೆ ಖಾಲಿ ಮಾಡಿದ. ಬೀರಕ್ಕ ಇನ್ನೊಂದು ಸೌಟು ಉಗ್ಗಾನಿ ಬಡಿಸಿದಳು.

ಚೌಡಣ್ಣನೇ ಮಾತು ಬದಲಿಸಿದ. "ಫಂಕ್ಷನ್ನಿಗೆ ನಾನು ಬರಾಕಿಲ್ಲ ಕಣಪ್ಪ. ಸುಸ್ತು. ನೀವೇ ನೋಡ್ಕಂಡು ಬನ್ನಿ."

ವಾಣಿಶ್ರೀ ಬಹಳ ಗಲಾಟೆ ಮಾಡಿದಳು. ಕಾರು ಮಾಡಿಸೋಣ, ಮಲಗಿಕೊಂಡೇ ಬಾ, ಮರ್ಯಾದೆ ಮಾಡುವಾಗ ನೀನೇ ಇಲ್ಲದಿದ್ದರೆ ಹೇಗೆ ಅಂತ ಹಟ ಹಿಡಿದಳು. ಚೌಡಣ್ಣ ಜಗ್ಗಲಿಲ್ಲ. ಸುರೇಂದ್ರನಿಗೆ ಹೊತ್ತ ಮೂಟೆ ಇಳಿಸಿದಷ್ಟು ಹಗುರವಾಯಿತು. ಹಾಗೆ ಹಗುರವಾದದ್ದಕ್ಕೆ ವಾಪಸು ಬರುವ ಬಸ್ಸಿನಲ್ಲಿ ಹೆಂಡತಿಯ ಮುಖ ನೋಡಲಾಗಲಿಲ್ಲ. ನಮ್ಮಪ್ಪ ಬಾರದಿದ್ದರೆ ನಿಮಗೇ ಅನುಕೂಲವೇನೋ, ಒಂದು ಮಾತೂ ಒತ್ತಾಯ ಮಾಡಲಿಲ್ಲವಲ್ಲ ಅಂತ ಅವಳು ಪಾವಗಡದಿಂದ ಹಿಂದೂಪುರದ ತನಕ ಮುಖ ತಿರುಗಿಸಿ ಕೂತಳು.

ಫಂಕ್ಷನ್ನಿನ ದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೋಟೋಗಳ ಗೋಡೆಗೆ ಪರದೆ ಎಳೆದಿತ್ತು. ಪಾಪಕ್ಕ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು, ಪಕ್ಕದಲ್ಲಿ ವಾಣಿಶ್ರೀ, ಹರ್ಷಿತಾ. ವೇದಿಕೆಯ ಮೇಲೆ ಸುರೇಂದ್ರನಿಗೆ ಒಂದು ಕೆಲಸವಿತ್ತು. ತೀರಿಕೊಂಡ ಗಣ್ಯರ ಹೆಸರುಗಳನ್ನು ಮೈಕಿನಲ್ಲಿ ಓದುವುದು, ಆಮೇಲೆ ಎಲ್ಲರೂ ಎದ್ದು ಮೌನ ಆಚರಿಸುವುದು, ಆಮೇಲೆ ಪರದೆ ಸರಿಸುವುದು. ಇದನ್ನು ತಪ್ಪಿಸಿಕೊಳ್ಳಲು ಗಂಟಲು ಕಟ್ಟಿದೆ ಅಂತ ಹೇಳಿ ನೋಡಿದ್ದ, ಆಗಿರಲಿಲ್ಲ.

ಅವನು ಓದುತ್ತ ಹೋದ. ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದ ಮೇಷ್ಟ್ರು, ಜಡ್ಜಿ, ಕಣ್ಣಿನ ಡಾಕ್ಟರು. ಮುಂದಿನ ಹೆಸರಿಗೆ ಬಂದಾಗ ಕಣ್ಣೆತ್ತಿದ. ತಾಯಿ ಕೈಮುಗಿದುಕೊಂಡು, ಸತ್ತ ದೊಡ್ಡವರಿಗೆಲ್ಲ ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತಿದ್ದಳು. ಇನ್ನೊಂದು ಗಳಿಗೆಗೆ ತಮ್ಮನ ಹೆಸರು ಅವಳ ಕಿವಿಗೆ ಬೀಳುವುದಿತ್ತು. ಸುರೇಂದ್ರನಿಗೆ ಅದನ್ನು ಓದಲಾಗಲಿಲ್ಲ.

ಇದು ನಮ್ಮ ಮಾವ ಚೌಡಣ್ಣನವರ ಹೆಸರು, ಇದನ್ನು ನಾನು ಓದುವುದಿಲ್ಲ ಅಂದ ತೆಲುಗಿನಲ್ಲಿ. ಅವರು ಬದುಕಿದ್ದಾರೆ, ಕಲ್ಯಾಣದುರ್ಗದಲ್ಲಿದ್ದಾರೆ, ಅವತ್ತು ನಾನು ಹೇಳಿದ ಸುದ್ದಿ ಸುಳ್ಳು, ಸುಳ್ಳೆಂದು ಅವತ್ತೇ ಗೊತ್ತಾದರೂ ಬಾಯಿ ಬಿಡಲಿಲ್ಲ ಅಂದ. ಆಮೇಲೆ ತಾಯಿಯ ಕಡೆ ನೋಡಿ ಮೈಕಿನಲ್ಲೇ, "ಬಿಡಿಸ್ದೆ ಕಣಮ್ಮ" ಅಂದುಬಿಟ್ಟ.

ಹಾಲಿನ ಹಿಂದಿನ ಸಾಲಿನಿಂದ ನಗು ಬಂತು. ಮುರಳಿಕೃಷ್ಣ ಮೈಕ್ ಕಿತ್ತುಕೊಂಡು ಏನೋ ತಾಂತ್ರಿಕ ಲೋಪವಾಗಿದೆ ಅಂದರು. ಪರದೆಯ ಹಿಂದೆ ಕೇಶವ ಗಡಿಬಿಡಿಯಲ್ಲಿ ಒಂದು ಫೋಟೋ ಇಳಿಸಿದ. ಪರದೆ ಸರಿದಾಗ ಗೋಡೆಯಲ್ಲಿ ಒಂದು ಮೊಳೆ ಬರಿದಾಗಿ ನಿಂತಿತ್ತು. ಮಾವನ ಫ್ರೇಮನ್ನು ಸುರೇಂದ್ರನ ಕೈಗೆ ಕೊಟ್ಟು, ಇನ್ನು ಮುಂದೆ ಕಮಿಟಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ ಅಂತ ಅಧ್ಯಕ್ಷರು ಮೃದುವಾಗಿಯೇ ಹೇಳಿದರು.

ಮನೆಯ ಬಾಗಿಲಲ್ಲಿ ಪಾಪಕ್ಕ ಬಿಂದಿಗೆ ಹಿಡಿದು ನಿಂತಿದ್ದಳು. ಮಗನ ತಲೆಯ ಮೇಲೆ, ಪ್ಯಾಂಟು ಶರಟಿನ ಸಮೇತ, ನೀರು ಸುರಿದಳು. ಬೆಲ್ಲವನ್ನು ಬಾಯಿಗೆ ತುರುಕಿದಳು. ಆಮೇಲೆ ಕೂತು ಅತ್ತಳು, ಈ ಸಲ ಯಾರೋ ಸತ್ತರೆಂದು ಯಾರೂ ಹೇಳದೆಯೇ. ಸುರೇಂದ್ರನಿಗೆ ಅವಮಾನ ಆಗಿತ್ತು, ಆದರೆ ವಾರಗಟ್ಟಲೆ ಎದೆಯ ಮೇಲೆ ಕೂತದ್ದು ಎದ್ದ ಹಾಗೂ ಆಗಿತ್ತು. ಹಸಿವು ಅನ್ನುವುದು ಆವತ್ತು ಅವನಿಗೆ ಮತ್ತೆ ಗೊತ್ತಾಯಿತು.

ವಾಣಿಶ್ರೀ ಎಲೆ ಹಾಕಿ ಅನ್ನ ಬಡಿಸಿದಳು. ಮದುವೆಯಾದಾಗಿನಿಂದ ಗಂಡನಿಗೆ ನೀವು ಅನ್ನುತ್ತಿದ್ದವಳು, ಹುಡುಗಿಯಾಗಿದ್ದಾಗಿನ ಹಾಗೆ ಕರೆದಳು.

"ಬಾವ, ನಮ್ಮಪ್ಪ ಜ್ವರದಾಗೆ ನಡುಗ್ತಿದ್ದಾಗ ನಾನು ಹಣೆಗೆ ಒದ್ದೆ ಬಟ್ಟೆ ಹಾಕ್ತಿದ್ದೆ. ನೀನು ಇಲ್ಲಿ ಕೂತು ಇಸವಿ ಬರೀತಿದ್ದೆ."

ಅವಳು ಸಾರು ಬಿಟ್ಟು ಒಳಗೆ ಹೋದಳು. ನಾಳೆಯೇ ಹೋಗಿ ಅಪ್ಪನ ಕಾಲು ಹಿಡಿದು ಬಾ, ಆಮೇಲೆ ನನ್ನ ಜೊತೆ ಮಾತು ಅಂತ ಒಳಗಿನಿಂದಲೇ ಹೇಳಿದಳು.

ಮಾರನೆಯ ದಿನ ಸುರೇಂದ್ರ ಅಂಗಡಿಯಲ್ಲಿ ಹಾರ ತೆಗೆದು, ತಗಡಿನ ಮೇಲಿನ ಸಾವಿನ ಇಸವಿಯನ್ನು ಉಜ್ಜಿ ಅಳಿಸಿ, ಫ್ರೇಮನ್ನು ಟವೆಲಿನಲ್ಲಿ ಸುತ್ತಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದ. ಹೇಳುವುದೆಲ್ಲ ಊರಿಗೇ ಹೇಳಿಯಾಗಿದೆ, ಇನ್ನೇನು ಭಯ ಅನ್ನಿಸಿತ್ತು.

ಚೌಡಣ್ಣನ ಮನೆ ಮುಂದೆ ಕಲ್ಲುಚಪ್ಪಡಿಯ ಮೇಲೆ ಡಿಪೋದಿಂದ ರಿಟೈರಾದ ಹಳೆಯ ಗೆಳೆಯರು ಕೂತಿದ್ದರು. ಬೀರಕ್ಕ ಅವರಿಗೆಲ್ಲ ಟೀ ಕೊಡುತ್ತಿದ್ದಳು. ಚೌಡಣ್ಣ ಹೊಸದಾಗಿ ಶೇವ್ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡಿದ್ದ. ಫಂಕ್ಷನ್ ಹೇಗಾಯಿತು, ಫೋಟೋ ಹೇಗೆ ಕಾಣುತ್ತದೆ ಅಂತ ಕೇಳಲು ಎಲ್ಲರೂ ಕಾದಿದ್ದಾರೆಂದು ಬೀರಕ್ಕ ಹೇಳಿದಳು. ಸುರೇಂದ್ರ ಮಾವನನ್ನು ಒಳಗೆ ಕರೆದ.

ಒಳಗೆ ಮಂಚದ ಮೇಲೆ ಫ್ರೇಮ್ ಬಿಚ್ಚಿಟ್ಟು, ಕಾಲು ಹಿಡಿದು, ಮೊದಲಿನಿಂದ ಕೊನೆಯವರೆಗೆ ಹೇಳಿದ. ಮೈಕಿನಲ್ಲಿ ಒಪ್ಪಿಕೊಂಡದ್ದನ್ನು ಹೇಳುವಾಗ ಅವನ ಧ್ವನಿ ಸ್ವಲ್ಪ ಗಟ್ಟಿಯಾಯಿತು. ಚೌಡಣ್ಣ ಅವನ ಕಡೆ ನೋಡುತ್ತಿರಲಿಲ್ಲ. ಹರೆಯದ ತನ್ನ ಮುಖವನ್ನೇ ನೋಡುತ್ತಿದ್ದ.

"ಇದನ್ನ ಇಳಿಸ್ಬುಟ್ರಾ?"

"ಹೂಂ ಮಾವ."

"ಹರ್ಷಿತಾ ಫೋಟೋ ನೋಡಿದ್ ದಿನ್ವೇ ಫೋನ್ ಮಾಡಿ ಎಲ್ಲಾ ಹೇಳಿದ್ಲು ಕಣಪ್ಪ. ನಾನೇ ಸುಮ್ಕಿರವ್ವ ಅಂದಿದ್ದೆ." ಅವನು ಗಾಜಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ. "ಸತ್ತೋನು ಅಂದ್ರೆ ಅನ್ಲಿ, ಆ ಗೋಡೆ ಮೇಲೆ ಇದ್ರೆ ಸಾಕು ಅನ್ನಿಸ್ತು. ಅದಕ್ಕೇ ನಾನು ಬರ್ಲಿಲ್ಲ. ನಾನು ಬಂದ್ರೆ ಇಳಿಸ್ಬುಡ್ತಾರಲ್ಲ ಅಂತ."

ತಾನು ಸುಮ್ಮನಿದ್ದು ಮಾವನನ್ನು ಕೊಂದೆ ಅಂತ ಇಷ್ಟು ದಿನ ನರಳಿದ ಸುರೇಂದ್ರನಿಗೆ, ಬಾಯಿ ಬಿಟ್ಟು ಮಾಡಿದ್ದೇನೆಂದು ಈಗ ಅರ್ಥವಾಯಿತು. ತನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ಮಾವನ ಕೈಯಲ್ಲಿದ್ದ ಒಂದೇ ಒಂದನ್ನು ಕಿತ್ತುಕೊಂಡಿದ್ದ. ಒಂದು ಸಲ ಮಾವನನ್ನೇ ಕೇಳಿದ್ದರೆ ಆಗುತ್ತಿತ್ತು. ಅಂಥ ಯೋಚನೆ ಕಮಿಟಿಗೂ ಬರಲಿಲ್ಲ, ತನಗೂ ಬರಲಿಲ್ಲ.

ಹೊರಗಿನಿಂದ ಗೆಳೆಯನೊಬ್ಬ, ಏನಪ್ಪ ಚೌಡಣ್ಣ, ಅಳಿಯ ಮಾವ ಒಳಗೇ ಕೂತುಬಿಟ್ಟಿರಿ, ಫೋಟೋ ತೋರಿಸಬಾರದೇ ಅಂತ ಕೂಗಿದ. ಚೌಡಣ್ಣ ಮಂಚ ಹಿಡಿದು ಎದ್ದ. ಫ್ರೇಮನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಹೋಗಿ, ಗೆಳೆಯರ ಕೈಗೆ ಕೊಟ್ಟ. ಅವರು ಒಬ್ಬರಿಂದ ಒಬ್ಬರಿಗೆ ದಾಟಿಸಿ, ಎಂಥ ಕೂದಲು ಇತ್ತಪ್ಪ ಇವನಿಗೆ ಅಂತ ನಕ್ಕರು. ಆಮೇಲೆ ಒಬ್ಬ, ಗೋಡೆಯ ಮೇಲಿರಬೇಕಾದದ್ದು ಇಲ್ಲಿಗೆ ಯಾಕೆ ಬಂತು ಅಂತ ಕೇಳಿದ.

"ಗೋಡೆಗೆ ಹೊಸ್ದಾಗಿ ಸುಣ್ಣ ಹೊಡೆದವ್ರಂತೆ, ಇನ್ನೂ ಹಸಿ ಅದೆಯಂತೆ" ಅಂದ ಚೌಡಣ್ಣ. "ಒಣಗೋಗಂಟ ಮನೇಲಿ ಮಡಿಕ್ಕಳಿ ಅಂದ್ರಂತೆ. ಒಣಗಿದ್ಮೇಕೆ ನಮ್ಮ ಅಳಿಯಾನೇ ತಕ್ಕಂಡೋಗಿ ಹಾಕ್ತಾನೆ."

ಎಲ್ಲರೂ ಸುರೇಂದ್ರನ ಕಡೆ ತಿರುಗಿದರು. ಚೌಡಣ್ಣ ಮಾತ್ರ ತಿರುಗಲಿಲ್ಲ, ಬೆನ್ನು ಹಾಕಿಕೊಂಡೇ ನಿಂತಿದ್ದ.

"ಹೌದು" ಅಂದ ಸುರೇಂದ್ರ. "ಇನ್ನೂ ಹಸಿ ಅದೆ."